ತಿಂಗಳಿಗೊಮ್ಮೆ ಮೈ ನೋಡಿಕೊಳ್ಳಿ: ಚರ್ಮದ ಕ್ಯಾನ್ಸರ್ ಬೇಗ ಪತ್ತೆ ಮಾಡುವ ಬಗೆ

ಕೋಲಾರ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಡ್ರೆಸ್ಸಿಂಗ್ ಕೋಣೆಯಲ್ಲಿ ನನ್ನ ಕೆಲಸ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಬೆಂಚಿನ ತುಂಬ ಜನ ಕೂತಿರುತ್ತಾರೆ. ಕುಡುಗೋಲು ತಾಗಿದ ಬೆರಳು, ಬೈಕಿನಿಂದ ಬಿದ್ದ ಮಂಡಿ, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು. ಇವುಗಳ ನಡುವೆ ಎಂದೋ ಒಮ್ಮೆ ಬೇರೆ ಬಗೆಯ ಗಾಯ ಬರುತ್ತದೆ. ಪಟ್ಟಿ ಬಿಚ್ಚಿದ ಕೂಡಲೇ ಡಾಕ್ಟರನ್ನು ಕರೆಯುತ್ತೇನೆ. ಅಂಚು ದಪ್ಪಗಾಗಿ ಎದ್ದಿರುತ್ತದೆ, ಹತ್ತಿ ತಾಗಿದರೆ ಸಾಕು ರಕ್ತ ಜಿನುಗುತ್ತದೆ, ವಾಸನೆ ಬೇರೆಯಾಗಿರುತ್ತದೆ. "ಎಷ್ಟು ದಿನದಿಂದ ಇದೆ ಅಜ್ಜಿ?" ಎಂದು ಕೇಳಿದರೆ, "ಹೋದ ಯುಗಾದಿಗೆ ಮುಂಚಿನಿಂದ ಇದೆ ಕಣಮ್ಮ, ನೋವಿಲ್ಲವಲ್ಲ ಎಂದು ಬಿಟ್ಟಿದ್ದೆ" ಎಂಬ ಉತ್ತರ ಬರುತ್ತದೆ.

ಚರ್ಮದ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವು ಬಂದ ಮೇಲೆ ಬಂದರೆ ತಡವಾಗಿರುತ್ತದೆ. ಆದ್ದರಿಂದ ಕಣ್ಣಿನಿಂದಲೇ ಅದನ್ನು ಹಿಡಿಯಬೇಕು. ಕಣ್ಣಿಗೆ ಕಾಣುವ ಜಾಗದಲ್ಲಿ ಬೆಳೆಯುವ ಕ್ಯಾನ್ಸರ್ ಇದು, ನೋಡಿದರೆ ಸಿಗುತ್ತದೆ.

ನಮ್ಮವರಲ್ಲಿ ಇದು ಅಪರೂಪದ ಕಾಯಿಲೆ ಎಂಬುದು ನಿಜ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನ ನೇರಳಾತೀತ ಕಿರಣಗಳನ್ನು ಒಂದಷ್ಟು ತಡೆಯುತ್ತದೆ. ಆಸ್ಟ್ರೇಲಿಯಾ, ಯೂರೋಪುಗಳ ಬಿಳಿಯರಿಗೆ ಹೋಲಿಸಿದರೆ ನಮಗೆ ಅಪಾಯ ಬಹಳ ಕಡಿಮೆ. ಆದರೆ ಅಪರೂಪ ಎಂಬ ಕಾರಣಕ್ಕೇ ಇಲ್ಲಿ ಯಾರೂ ಅದನ್ನು ಹುಡುಕುವುದಿಲ್ಲ. 30 ವರ್ಷ ದಾಟಿದವರಿಗೆ ಸರ್ಕಾರ ನಡೆಸುವ ತಪಾಸಣೆಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಇವೆ, ಚರ್ಮದ್ದಿಲ್ಲ. ಮನೆ ಬಾಗಿಲಿಗೆ ಬಂದು ಯಾರೂ ನಿಮ್ಮ ಅಂಗಾಲು ನೋಡುವುದಿಲ್ಲ. ನೀವೇ ನೋಡಿಕೊಳ್ಳಬೇಕು.

ಇನ್ನೊಂದು ಮಾತು. ಬಿಳಿಯರಿಗಾಗಿ ಬರೆದ ಸಲಹೆಗಳೇ ಎಲ್ಲ ಕಡೆ ಓಡಾಡುತ್ತವೆ. ಮುಖ ನೋಡಿ, ಭುಜ ನೋಡಿ, ಬೆನ್ನಿನ ಮಚ್ಚೆ ನೋಡಿ ಎನ್ನುತ್ತವೆ. ಅವನ್ನೂ ನೋಡಿ. ಆದರೆ ನಮ್ಮ ಮೈಬಣ್ಣದವರು ಮೊದಲು ನೋಡಬೇಕಾದ ಜಾಗಗಳು ಅಂಗಾಲು, ಅಂಗೈ, ಉಗುರು, ಹಳೆಯ ಸುಟ್ಟ ಕಲೆ, ವಾಸಿಯಾಗದ ಹುಣ್ಣು ಮತ್ತು ಸೊಂಟದಲ್ಲಿ ಲಾಡಿ ಬಿಗಿಯುವ ಜಾಗ.

ಯಾವುದು ಹೇಗೆ ಕಾಣುತ್ತದೆ

ಮುಖ್ಯವಾಗಿ ಮೂರು ಬಗೆ. ಬೇಸಲ್ ಸೆಲ್ ಕಾರ್ಸಿನೋಮ ಹೆಚ್ಚಾಗಿ ಮೂಗಿನ ಪಕ್ಕ, ಕಣ್ಣಿನ ರೆಪ್ಪೆಯ ಹತ್ತಿರ ಹೊಳಪಿನ ಸಣ್ಣ ಗುಳ್ಳೆಯಾಗಿ ಶುರುವಾಗುತ್ತದೆ. ನಮ್ಮವರಲ್ಲಿ ಅದು ಕಪ್ಪಾಗಿಯೇ ಇರುವುದು ಹೆಚ್ಚು, ಮಚ್ಚೆ ಎಂದುಕೊಂಡು ಸುಮ್ಮನಾಗುತ್ತಾರೆ. ನಡುವೆ ಗುಳಿ ಬಿದ್ದು, ಹಕ್ಕಳೆ ಕಟ್ಟಿ, ಉದುರಿ, ಮತ್ತೆ ಕಟ್ಟುತ್ತದೆ. ದೂರಕ್ಕೆ ಹರಡುವುದು ತೀರಾ ವಿರಳ. ಆದರೆ ಬಿಟ್ಟರೆ ಮೂಗನ್ನೋ ರೆಪ್ಪೆಯನ್ನೋ ತಿನ್ನುತ್ತಾ ಹೋಗುತ್ತದೆ. ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಒರಟಾದ ಗಂಟಾಗಿಯೋ ಅಂಚು ಎದ್ದ ಹುಣ್ಣಾಗಿಯೋ ಬರುತ್ತದೆ, ಬೆಳೆದರೆ ಹೂಕೋಸಿನಂತೆ ಕಾಣುತ್ತದೆ. ಇದು ಹತ್ತಿರದ ದುಗ್ಧಗ್ರಂಥಿಗಳಿಗೆ, ಅಂದರೆ ಕಂಕುಳು, ತೊಡೆಸಂದುಗಳಲ್ಲಿ ಗಡ್ಡೆಯಂತೆ ಕೈಗೆ ಸಿಗುವ ಗ್ರಂಥಿಗಳಿಗೆ ಹರಡಬಲ್ಲದು. ಮೂರನೆಯದು ಮೆಲನೋಮ. ಮೂರರಲ್ಲಿ ಅತಿ ಕಡಿಮೆ ಜನರಿಗೆ ಬರುವುದೂ ಇದೇ, ಅತಿ ಬೇಗ ಪ್ರಾಣಕ್ಕೆ ಬರುವುದೂ ಇದೇ. ನಮ್ಮವರಲ್ಲಿ ಇದು ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಕಾಣಿಸಿಕೊಳ್ಳುತ್ತದೆ. ಬಿಸಿಲು ಬೀಳದ ಜಾಗ, ಆದ್ದರಿಂದ ಬಿಸಿಲಿನಿಂದ ಬಂದದ್ದಲ್ಲ. ತೆಳುವಾಗಿ, 1 ಮಿಲಿಮೀಟರಿಗಿಂತ ಕಡಿಮೆ ಆಳದಲ್ಲಿರುವಾಗಲೇ ಕತ್ತರಿಸಿ ತೆಗೆದರೆ ಬಹುತೇಕರು ಗುಣವಾಗುತ್ತಾರೆ. ಆಳಕ್ಕಿಳಿದ ಮೇಲೆ ಕಥೆ ಬೇರೆ.

ನೋಡುವ ಕ್ರಮ

ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಿ. ಎಣ್ಣೆ ಸ್ನಾನದ ದಿನ ಒಳ್ಳೆಯದು. ಹೇಗೂ ಮೈಯೆಲ್ಲ ತಿಕ್ಕುತ್ತೀರಿ, ಒಬ್ಬರು ಇನ್ನೊಬ್ಬರ ಬೆನ್ನಿಗೆ ಎಣ್ಣೆ ಹಚ್ಚುತ್ತೀರಿ. ಹಗಲು ಬೆಳಕಿರಲಿ, ಬಚ್ಚಲಿನ ಮಬ್ಬು ಬಲ್ಬಿನಲ್ಲಿ ನೋಡಬೇಡಿ.

ಪಾದದಿಂದ ಶುರು ಮಾಡಿ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರ ಅಂಗಾಲಿನಲ್ಲಿ ಒಡಕಿಗೆ ಮಣ್ಣು ತುಂಬಿ ಏನೂ ಕಾಣುವುದಿಲ್ಲ. ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಸೋಪು ಹಾಕಿ ತಿಕ್ಕಿ, ಒರೆಸಿ, ಆಮೇಲೆ ನೋಡಿ. ಟೊಮೆಟೊ ಬಿಡಿಸುವವರ ಕೈಬೆರಳಿಗೆ ಹಸಿರುಗಪ್ಪು ಕಲೆ ಹತ್ತಿರುತ್ತದೆ. ಒಂದು ಕಾಯನ್ನು ಹಿಚುಕಿ ಅದರ ಹುಳಿಯಲ್ಲೇ ತಿಕ್ಕಿ ತೊಳೆದರೆ ಅದು ಬಿಡುತ್ತದೆ. ಹಾಗೆ ತೊಳೆದ ಮೇಲೂ ಉಳಿಯುವ ಕಪ್ಪು ಚುಕ್ಕೆಯನ್ನು ಗಮನಿಸಿ. ಬೆರಳ ಸಂದುಗಳನ್ನು ಅಗಲಿಸಿ ನೋಡಿ. ಹೆಂಗಸರು ಕಾಲುಂಗುರ ಸರಿಸಿ ಅದರ ಅಡಿಯಲ್ಲೂ ನೋಡಬೇಕು.

ಆಮೇಲೆ ಉಗುರು. ಗೋರಂಟಿ ಹಾಕುವ ಮುಂಚೆ, ನೇಲ್ ಪಾಲಿಶ್ ತೆಗೆದ ಮೇಲೆ. ಉಗುರಿನ ಉದ್ದಕ್ಕೆ ಕಂದು ಗೆರೆಗಳು ನಮ್ಮ ಮೈಬಣ್ಣದವರಿಗೆ ಸಹಜ. ಹಲವು ಉಗುರುಗಳಲ್ಲಿ, ವರ್ಷಗಳಿಂದ ಒಂದೇ ರೀತಿ ಇದ್ದರೆ ಗಾಬರಿ ಬೇಡ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದದ್ದು, ಅಗಲವಾಗುತ್ತಿರುವುದು, ಬಣ್ಣ ಎಲ್ಲ ಕಡೆ ಒಂದೇ ಸಮನಾಗಿಲ್ಲದ್ದು, ಉಗುರಿನಿಂದ ಬುಡದ ಚರ್ಮಕ್ಕೂ ಕಪ್ಪು ಹರಡಿರುವುದು ಇವನ್ನು ತೋರಿಸಲೇಬೇಕು. ಹೆಬ್ಬೆರಳಿನಲ್ಲಿ ಇದು ಹೆಚ್ಚು. "ಕಲ್ಲು ಎಡವಿ ರಕ್ತ ಹೆಪ್ಪುಗಟ್ಟಿದೆ" ಎಂದು ಎಲ್ಲರೂ ಹೇಳುತ್ತಾರೆ, ಎಷ್ಟೋ ಸಲ ಅದು ನಿಜವೂ ಹೌದು. ಬೇರೆ ಮಾಡಿ ತಿಳಿಯಲು ಒಂದು ದಾರಿ ಇದೆ. ಹೆಪ್ಪುಗಟ್ಟಿದ ರಕ್ತ ಉಗುರಿನ ಜೊತೆ ಮುಂದೆ ಸರಿಯುತ್ತದೆ, ಹಿಂದೆ ಶುಭ್ರ ಉಗುರು ಬರುತ್ತದೆ. ಕೈಯುಗುರು ಪೂರ್ತಿ ಬದಲಾಗಲು ಸುಮಾರು ಆರು ತಿಂಗಳು, ಕಾಲಿನ ಹೆಬ್ಬೆರಳಿಗೆ ವರ್ಷದಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಅಷ್ಟು ಕಾಯಬೇಡಿ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟು ಒಂದು ತಿಂಗಳು ಬಿಟ್ಟು ಹೋಲಿಸಿ, ಕಪ್ಪು ಕದಲದೆ ಬುಡದಲ್ಲೇ ಇದ್ದರೆ ಹೊರಡಿ.

ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ನಾಣ್ಯ ಇಡಿ, ಪ್ರತಿ ಸಲವೂ ಅದೇ ನಾಣ್ಯ. ಒಂದು ರೂಪಾಯಿಯ ನಾಣ್ಯಗಳಲ್ಲೇ ಹಳೆಯದು ಹೊಸದು ಅಳತೆ ಬೇರೆಯಾಗಿರುವುದರಿಂದ ನಾಣ್ಯ ಬದಲಾದರೆ ಲೆಕ್ಕ ತಪ್ಪುತ್ತದೆ.

ಮಚ್ಚೆಗಳ ವಿಷಯದಲ್ಲಿ ಐದು ಸಂಗತಿ ನೋಡಬೇಕು. ಒಂದು ಅರ್ಧ ಇನ್ನೊಂದು ಅರ್ಧಕ್ಕೆ ಹೊಂದುವುದಿಲ್ಲ, ಅಂಚು ಹರಿದಂತಿದೆ, ಒಂದೇ ಮಚ್ಚೆಯಲ್ಲಿ ಕಪ್ಪು, ಕಂದು, ಕೆಂಪು ಬೆರೆತಿದೆ, ಅಗಲ 6 ಮಿಲಿಮೀಟರು, ಅಂದರೆ ಪೆನ್ಸಿಲ್ಲಿನ ದಪ್ಪ, ದಾಟಿದೆ, ಮತ್ತು ತಿಂಗಳಿಂದ ತಿಂಗಳಿಗೆ ಬದಲಾಗುತ್ತಿದೆ. ಐದನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಹುಟ್ಟಿನಿಂದ ಇರುವ ಮಚ್ಚೆ ಸುಮ್ಮನಿದ್ದರೆ ಅಷ್ಟು ಭಯವಿಲ್ಲ. ನಲವತ್ತು ದಾಟಿದ ಮೇಲೆ ಹೊಸದಾಗಿ ಬಂದು ಬೆಳೆಯುವ ಸಣ್ಣ ಚುಕ್ಕೆಯನ್ನು ತೋರಿಸಲೇಬೇಕು. ತುರಿಕೆ, ರಕ್ತ, ಹಕ್ಕಳೆ ಕಂಡರೂ ಅಷ್ಟೇ.

ಉಳಿದದ್ದನ್ನು ಬೇಗ ಮುಗಿಸಬಹುದು: ಕಿವಿಯ ಹಿಂದೆ, ನೆತ್ತಿ, ತುಟಿ, ಕತ್ತು, ಬೆನ್ನು, ತೊಡೆಸಂದು, ಗುಪ್ತಾಂಗ. ಬೆನ್ನಿಗೆ ಮನೆಯವರ ಕಣ್ಣು ಬೇಕು. ಒಂಟಿಯಾಗಿರುವ ವಯಸ್ಸಾದವರಿಗೆ ಸೊಸೆಯೋ ಮೊಮ್ಮಗಳೋ ಪಕ್ಕದ ಮನೆಯ ಅಕ್ಕನೋ ನೋಡಿಕೊಡಲಿ, ನಾಚಿಕೆ ಬೇಡ. ಕೆಳತುಟಿಯ ಜೊತೆಗೆ ಬಾಯೊಳಗೂ ಟಾರ್ಚ್ ಹಾಕಿ ನೋಡಿ. ನಮ್ಮ ಜಿಲ್ಲೆಯಲ್ಲಿ ಕಡ್ಡಿಪುಡಿ ಅಗಿಯುವ ಹೆಂಗಸರಿಗೆ ಕೆನ್ನೆಯ ಒಳಭಾಗದ ಕ್ಯಾನ್ಸರ್ ಬರುವುದನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ.

ಬಿಳಿಚಿದ ಅಥವಾ ಕೆಂಪು ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿದ್ದರೆ ಅದು ಕ್ಯಾನ್ಸರ್ ಅಲ್ಲ, ಕುಷ್ಠರೋಗ ಇರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಉಚಿತ, ಪೂರ್ತಿ ಗುಣವಾಗುತ್ತದೆ. ಬಿಟ್ಟರೆ ಪಾದ ಮರಗಟ್ಟಿ, ವರ್ಷಗಟ್ಟಲೆ ಹುಣ್ಣಾಗಿ, ಆ ಹುಣ್ಣಿನಲ್ಲೇ ಮುಂದೆ ಕ್ಯಾನ್ಸರ್ ಏಳಬಹುದು.

ಹಳೆಯ ಸುಟ್ಟ ಕಲೆ

ಇದನ್ನು ನಿಧಾನವಾಗಿ ಓದಿ. ಚಿಕ್ಕಂದಿನಲ್ಲಿ ಹಂಡೆಯ ನೀರು ಬಿದ್ದು, ಒಲೆಯ ಬೆಂಕಿ ತಗುಲಿ, ಸೀರೆಗೆ ಕಿಡಿ ಹತ್ತಿ ಸುಟ್ಟ ಕಲೆ ಎಷ್ಟೋ ಮನೆಗಳಲ್ಲಿ ಇದೆ. ಆ ಕಲೆಯ ಚರ್ಮ ತೆಳು, ಬಿಗಿ, ರಕ್ತ ಸಂಚಾರ ಕಡಿಮೆ. ಮಂಡಿ, ಮೊಣಕೈ, ಕಣಕಾಲಿನಂತಹ ಮಡಚುವ ಜಾಗದಲ್ಲಿದ್ದರೆ ಮತ್ತೆ ಮತ್ತೆ ಬಿರಿಯುತ್ತದೆ, ಒಣಗುತ್ತದೆ, ಬಿರಿಯುತ್ತದೆ. ಹೀಗೆ ಬಿರಿದ ಕಲೆಯಲ್ಲಿ ಸುಟ್ಟ ಸರಾಸರಿ ಮೂವತ್ತು ವರ್ಷಗಳ ನಂತರ ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಬರಬಹುದು. ಇಂತಹ ಹುಣ್ಣನ್ನು ಫ್ರಾನ್ಸಿನ ವೈದ್ಯ ಮಾರ್ಜೊಲಿನ್ 1828ರಲ್ಲಿ ವಿವರಿಸಿದರು, ಡಾಕ್ಟರುಗಳು ಇಂದಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ಸಾಮಾನ್ಯ ಚರ್ಮದ ಕ್ಯಾನ್ಸರಿಗಿಂತ ಇದು ಹರಡುವುದು ಹೆಚ್ಚು.

ಮುಳಬಾಗಿಲು ಕಡೆಯ ಒಬ್ಬ ರೈತರು ಮಂಡಿಯ ಹಿಂಬದಿಯ ಹುಣ್ಣಿಗೆ ನಮ್ಮಲ್ಲಿ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಬಂದಿದ್ದರು. ಬಾಲ್ಯದಲ್ಲಿ ಬಿಸಿನೀರು ಬಿದ್ದ ಕಲೆ. ಅರಿಶಿನ, ಕೊಬ್ಬರಿ ಎಣ್ಣೆ, ಅಂಗಡಿಯ ಪುಡಿ ಎಲ್ಲ ಆಗಿತ್ತು. ಒಣಗಿದಂತೆ ಕಾಣುತ್ತಿದ್ದ ಹುಣ್ಣಿನ ಒಂದು ಮೂಲೆಯಲ್ಲಿ ಮಾತ್ರ ಬಟಾಣಿಯಷ್ಟು ಗಟ್ಟಿ ಮಾಂಸ ಎದ್ದಿತ್ತು, ಬಣ್ಣ ಉಳಿದ ಹುಣ್ಣಿಗಿಂತ ಬಿಳುಪು. ಆ ಮೂಲೆಯಿಂದಲೇ ಚೂರು ತೆಗೆದು ಕಳಿಸಿದರು, ಕ್ಯಾನ್ಸರ್ ಎಂದು ಬಂತು. ಗಂಟಿನ ಸುತ್ತ ಅಗಲವಾಗಿ ತೆಗೆದು ತೊಡೆಯ ಚರ್ಮ ಕಸಿ ಮಾಡಿದರು. ಕಾಲು ಉಳಿಯಿತು. ಈಗ ಅವರು ಹೊಲಕ್ಕೆ ಹೋಗುತ್ತಿದ್ದಾರೆ. ಇನ್ನೊಂದು ವರ್ಷ ಬಿಟ್ಟಿದ್ದರೆ ಮಂಡಿಯ ಮೇಲೆ ಕತ್ತರಿಸಬೇಕಾಗುತ್ತಿತ್ತೇನೋ ಎಂದು ನನಗೆ ಇಂದಿಗೂ ಅನಿಸುತ್ತದೆ.

ಸುಟ್ಟ ಕಲೆ ಇದ್ದವರು ದಿನವೂ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಅದು ಒಣಗಿ ಬಿರಿಯದಂತೆ ನೋಡಿಕೊಳ್ಳಿ, ಬಿಸಿಲಿಗೆ ಬಟ್ಟೆ ಮುಚ್ಚಿ. ಕಲೆಯ ಮೇಲಿನ ಗಾಯ ನಾಲ್ಕು ವಾರದಲ್ಲಿ ಕೂಡದಿದ್ದರೆ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆಯ ಹುಣ್ಣು, ಉಬ್ಬಿದ ನರದ ಹುಣ್ಣು, ಯಾವುದೇ ಹುಣ್ಣಾದರೂ ಮೂರು ತಿಂಗಳಾದರೂ ಬಿಡದಿದ್ದರೆ "ಒಂದು ಚೂರು ಪರೀಕ್ಷೆಗೆ ಕಳಿಸಬಹುದೇ ಡಾಕ್ಟರೇ?" ಎಂದು ನೀವೇ ಬಾಯಿಬಿಟ್ಟು ಕೇಳಿ. ಹೀಗೆ ಕೇಳುವುದು ತಪ್ಪಲ್ಲ.

ಸೊಂಟದ ಲಾಡಿ

ಲಂಗದ ಲಾಡಿಯನ್ನು ದಶಕಗಳ ಕಾಲ ಒಂದೇ ಜಾಗದಲ್ಲಿ ಬಿಗಿದು ಕಟ್ಟಿದ ಹೆಂಗಸರ ಸೊಂಟದಲ್ಲಿ ಕಪ್ಪು ಪಟ್ಟೆ ಬೀಳುತ್ತದೆ. ಉಜ್ಜಿ ಉಜ್ಜಿ ಅಲ್ಲಿ ಹೊಪ್ಪಳೆ ಏಳುತ್ತದೆ, ಬೆವರಿಗೆ ತುರಿಸುತ್ತದೆ, ಕೆಲವರಿಗೆ ಹುಣ್ಣಾಗುತ್ತದೆ. ಆ ಹುಣ್ಣಿನಲ್ಲಿ ಕ್ಯಾನ್ಸರ್ ಬಂದ ಪ್ರಕರಣಗಳು ನಮ್ಮ ದೇಶದಲ್ಲಿ ವರದಿಯಾಗಿವೆ. ಗಂಡಸರೂ ಹೊರತಲ್ಲ. ಪಂಚೆ ಬಿಗಿಯುವ ಜಾಗದ ಕ್ಯಾನ್ಸರಿನ ಬಗ್ಗೆ ಮುಂಬಯಿಯ ವೈದ್ಯ ಖಾನೋಲ್ಕರ್ 1945ರಷ್ಟು ಹಿಂದೆಯೇ ಬರೆದಿದ್ದರು. ಬಹಳ ಅಪರೂಪ, ಆದರೆ ತಡೆಯುವುದು ಬಲು ಸುಲಭ. ಲಾಡಿಯ ಬದಲು ಎರಡು ಬೆರಳಗಲದ ಪಟ್ಟಿ ಹೊಲಿಸಿ, ಗಂಟನ್ನು ದಿನ ಬಿಟ್ಟು ದಿನ ಮೇಲೆ ಕೆಳಗೆ ಸರಿಸಿ, ಮನೆಗೆ ಬಂದ ಮೇಲೆ ಸಡಿಲ ಮಾಡಿ. ಉಡುದಾರವೂ ಬಿಗಿಯಾಗಿ ಕಚ್ಚಿಕೊಂಡಿರಬಾರದು. ಅಮ್ಮ, ಅತ್ತೆಯ ಸೊಂಟವನ್ನು ಒಮ್ಮೆ ನೋಡಿ. ಅವರಾಗಿ ಹೇಳುವುದಿಲ್ಲ.

ಬಿಸಿಲು

ಕೋಲಾರ, ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿವೆ. ಗಾಳಿ ತಂಪಾಗಿರುವುದರಿಂದ ಬಿಸಿಲಿನ ಏಟು ಗೊತ್ತಾಗುವುದಿಲ್ಲ. ಚರ್ಮವನ್ನು ಕೆಡಿಸುವುದು ಶಾಖಕ್ಕಿಂತ ನೇರಳಾತೀತ ಕಿರಣ, ತೆಳು ಮೋಡವಿದ್ದರೂ ಅದರ ಬಹುಪಾಲು ಕೆಳಗೆ ಬರುತ್ತದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ನಮ್ಮ ಕಡೆ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಆಗಸ್ಟಿನಲ್ಲಿ ಮೋಡ ಇರುತ್ತದೆಂದು ಯಾರೂ ಎಚ್ಚರ ವಹಿಸುವುದಿಲ್ಲ.

ಗಡಿಯಾರ ಬೇಡ, ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ. ಆ ಹೊತ್ತಿನ ಕೆಲಸವನ್ನು ಆದಷ್ಟು ಮರದಡಿಗೆ, ಶೆಡ್ಡಿಗೆ ತನ್ನಿ. ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಸೊಪ್ಪು ಬಾಡಬಾರದೆಂದು ಬೆಳಗಿನ ತಂಪಿನಲ್ಲೇ ಕೊಯ್ಯುತ್ತಾರಲ್ಲ, ಔಷಧಿ ಹೊಡೆಯುವುದು, ಕಳೆ ಕೀಳುವುದನ್ನೂ ಅದೇ ಹೊತ್ತಿಗೆ ತಂದರೆ ಚರ್ಮಕ್ಕೂ ಒಳ್ಳೆಯದು.

ಹೊಲದ ಕೆಲಸಕ್ಕೆ ಬಟ್ಟೆಗಿಂತ ಒಳ್ಳೆಯ ರಕ್ಷಣೆ ಇಲ್ಲ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಂಡು ನಮ್ಮ ಹೆಂಗಸರು ಟೊಮೆಟೊ ಬಿಡಿಸುತ್ತಾರೆ, ಅದು ಯಾವ ದುಬಾರಿ ಕ್ರೀಮಿಗೂ ಕಡಿಮೆಯಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಬೆಳಕು ತೂರಿಬಂದರೆ ಕಿರಣವೂ ಬರುತ್ತದೆ. ಒತ್ತಾದ ನೇಯ್ಗೆ, ಗಾಢ ಬಣ್ಣ ಮೇಲು. ತಲೆಗೆ ಸುತ್ತಿದ ಟವೆಲ್ ಕಿವಿ, ಕತ್ತು ಮುಚ್ಚುವಂತೆ ಇಳಿಬಿಡಿ. ಅಂಗಡಿಯ ಕ್ಯಾಪ್ ಕಿವಿಗೆ ನೆರಳು ಕೊಡುವುದಿಲ್ಲ, ಸುತ್ತಲೂ ಮೂರಿಂಚು ಅಂಚಿರುವ ಟೋಪಿ ಬೇಕು.

ಸನ್‌ಸ್ಕ್ರೀನ್ ಕೊಳ್ಳುವವರು ಎಸ್‌ಪಿಎಫ್ (ರಕ್ಷಣೆಯ ಮಟ್ಟ ಹೇಳುವ ಅಂಕಿ) 30 ಅಥವಾ ಹೆಚ್ಚಿನದ್ದನ್ನು ಕೊಳ್ಳಿ. 30 ಇರುವುದು ಸುಡುವ ಕಿರಣಗಳಲ್ಲಿ ಸುಮಾರು ಶೇ. 97ನ್ನು, 50 ಇರುವುದು ಸುಮಾರು ಶೇ. 98ನ್ನು ತಡೆಯುತ್ತದೆ. ಒಂದಂಶಕ್ಕಾಗಿ ದುಪ್ಪಟ್ಟು ಹಣ ಕೊಡಬೇಕಿಲ್ಲ. ಪ್ರಮಾಣ ಮುಖ್ಯ. ಮುಖ, ಕತ್ತಿಗೆ ಎರಡು ಬೆರಳಿನ ಉದ್ದಕ್ಕೂ ಹಿಂಡಿದಷ್ಟು ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆರು ತಿಂಗಳೊಳಗಿನ ಕೂಸಿಗೆ ಹಚ್ಚಬೇಡಿ, ನೆರಳಲ್ಲಿಡಿ.

ಕೆಲವರಿಗೆ ಮಾತ್ರ ಬಿಸಿಲು ದೊಡ್ಡ ಅಪಾಯ. ಹುಟ್ಟಿನಿಂದ ಕೂದಲು, ಚರ್ಮ ಎಲ್ಲ ಬಿಳುಪಾಗಿರುವ ಆಲ್ಬಿನಿಸಂ ಇರುವವರು ತುಂಬುತೋಳು, ಟೋಪಿ, ಸನ್‌ಸ್ಕ್ರೀನ್ ಒಂದು ದಿನವೂ ಬಿಡಬಾರದು, ವರ್ಷಕ್ಕೆ ಎರಡು ಸಲವಾದರೂ ಚರ್ಮದ ಡಾಕ್ಟರಿಗೆ ತೋರಿಸಬೇಕು. ಮೂತ್ರಪಿಂಡ ಕಸಿ ಮಾಡಿಸಿಕೊಂಡು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರಿಗೂ ಎಚ್ಚರ ಬೇಕು. ಸೋದರಮಾವ, ಅಕ್ಕನ ಮಗಳ ಮದುವೆ ನಮ್ಮ ಕಡೆ ನಡೆಯುತ್ತಲೇ ಇದೆ. ಇಂತಹ ಮದುವೆಯ ಮಕ್ಕಳಲ್ಲಿ ಕ್ಸೆರೋಡರ್ಮಾ ಪಿಗ್ಮೆಂಟೋಸಮ್ ಎಂಬ ವಂಶದ ಕಾಯಿಲೆಯ ಸಾಧ್ಯತೆ ಸ್ವಲ್ಪ ಹೆಚ್ಚು. ಮಗು ಬೆಳಕಿಗೆ ಕಣ್ಣು ಬಿಡದಿದ್ದರೆ, ಎರಡು ವರ್ಷದೊಳಗೇ ಮುಖದ ತುಂಬ ಕಪ್ಪು ಚುಕ್ಕೆ ಬಂದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಕರೆತನ್ನಿ. ತೊನ್ನು ಇರುವವರು ಹೆದರಬೇಕಿಲ್ಲ. ತೊನ್ನು ಕ್ಯಾನ್ಸರ್ ಅಲ್ಲ, ಆದರೆ ಬಿಳಿ ಜಾಗ ಬಿಸಿಲಿಗೆ ಬೇಗ ಸುಡುತ್ತದೆ, ಮುಚ್ಚಿಕೊಳ್ಳಿ.

ಹಚ್ಚಬಾರದ್ದು

ನರಹುಲಿಗೆ, ಮಚ್ಚೆಗೆ ಸುಣ್ಣ ಸೋಡಾ ಹಚ್ಚುವುದು, ಗೇರೆಣ್ಣೆ ಮುಟ್ಟಿಸುವುದು, ಊದುಬತ್ತಿಯಲ್ಲಿ ಸುಡುವುದು, ಕೂದಲು ಕಟ್ಟಿ ಬೀಳಿಸುವುದು, ಕಾಲಿನ ಆಣಿಯನ್ನು ಬ್ಲೇಡಿನಲ್ಲಿ ಕೆತ್ತುವುದು ಇವೆಲ್ಲ ನಿಲ್ಲಬೇಕು. ಮೇಲಿನದು ಉದುರಿದರೂ ಒಳಗಿನದು ಉಳಿಯುತ್ತದೆ, ಡಾಕ್ಟರಿಗೆ ಗುರುತಿಸಲು ಏನೂ ಸಿಗುವುದಿಲ್ಲ.

ಗಜಕರ್ಣಕ್ಕೆ, ಮುಖ ಬೆಳ್ಳಗಾಗಲು ಔಷಧಿ ಅಂಗಡಿಯಲ್ಲಿ ಕೇಳಿ ತರುವ ಟ್ಯೂಬಿನ ಹಿಂಬದಿ ಓದಿ. ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಚೀಟಿಯಿಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತವೆ, ಬಿಸಿಲಿಗೆ ಉರಿಯುತ್ತದೆ, ಗಜಕರ್ಣ ಇನ್ನಷ್ಟು ಹರಡುತ್ತದೆ. ಹೆಸರು, ವಿಳಾಸ ಇಲ್ಲದ ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಇರುವುದುಂಟು, ಅದು ಮೂತ್ರಪಿಂಡ ಹಾಳು ಮಾಡುತ್ತದೆ. ಮದುವೆಗೆ ಮುಂಚೆ ಹುಡುಗಿಯರಿಗೆ ಇದನ್ನು ತಂದುಕೊಡುವ ತಾಯಂದಿರಿಗೆ ನಾನು ಕೈ ಮುಗಿದು ಹೇಳುತ್ತೇನೆ, ಬೇಡ.

ಕೆಲಸದಲ್ಲಿ ಕೆಡುವ ಕೈಗಳಿಗೆ ಬೇಕಾದದ್ದು ಸರಳ. ರೇಷ್ಮೆ ನೂಲು ತೆಗೆಯುವವರ ಬೆರಳು ದಿನವಿಡೀ ಬಿಸಿನೀರಿನಲ್ಲಿ ನೆನೆದು, ಬಿಳಿಚಿ, ಸಂದುಗಳಲ್ಲಿ ಬಿರಿಯುತ್ತವೆ. ಕೆಲಸ ಬಿಟ್ಟ ಕೂಡಲೇ ತಣ್ಣೀರಿನಲ್ಲಿ ತೊಳೆದು, ಸಂದು ಒರೆಸಿ, ತೇವ ಆರುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಬೇಕು. ಔಷಧಿ ಹೊಡೆಯುವವರು ರಬ್ಬರ್ ಕೈಗವಸು ಹಾಕಿ, ಮುಗಿದ ಮೇಲೆ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಆಸ್ಪತ್ರೆಯಲ್ಲಿ

"ಕತ್ತರಿ ತಾಗಿದರೆ ಹರಡುತ್ತದಂತೆ" ಎಂಬ ಮಾತು ಎಷ್ಟು ಜನರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದೆಯೋ! ಅದು ನಿಜವಲ್ಲ. ಬಯಾಪ್ಸಿ ಎಂದರೆ ಮರಗಟ್ಟುವ ಸೂಜಿ ಕೊಟ್ಟು ಕೆಲವು ಮಿಲಿಮೀಟರಿನ ಚೂರು ತೆಗೆಯುವುದು. ಸೂಜಿ ಚುಚ್ಚುವಾಗ ಉರಿಯುತ್ತದೆ, ಆಮೇಲೆ ಎಳೆದಂತೆ ಅನಿಸುತ್ತದೆ ಅಷ್ಟೇ. ಒಂದೆರಡು ಹೊಲಿಗೆ, ಅದೇ ದಿನ ಮನೆಗೆ. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಿ. ತೆಗೆದು ಬಿಸಾಡಿದರೆ ಸಾಲದು, ತೆಗೆದ ಗಂಟು ಎಷ್ಟೇ ಸಣ್ಣದಿರಲಿ ಪರೀಕ್ಷೆಗೆ ಹೋಗಬೇಕು.

ಮೊದಲು ಹತ್ತಿರದ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗ. ಕ್ಯಾನ್ಸರ್ ಎಂದು ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕಳಿಸುವುದು ವಾಡಿಕೆ. ಹೊರಡುವ ಮುಂಚೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಆ ಪತ್ರ ಬೇಕಾಗುತ್ತದೆ. ಆಧಾರ್, ರೇಷನ್ ಕಾರ್ಡ್, ಬಯಾಪ್ಸಿ ವರದಿಯ ಮೂಲ ಪ್ರತಿ, ತಿಂಗಳು ತಿಂಗಳು ತೆಗೆದ ಮೊಬೈಲ್ ಫೋಟೊಗಳು ಜೊತೆಗಿರಲಿ. ನಾಣ್ಯ ಪಕ್ಕದಲ್ಲಿಟ್ಟು ತೆಗೆದ ಮೂರು ಫೋಟೊ ಇದ್ದರೆ ಎಷ್ಟು ವೇಗವಾಗಿ ಬೆಳೆಯಿತೆಂದು ಡಾಕ್ಟರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಆಪರೇಷನ್ ಮುಗಿದ ಮೇಲೂ ಕರೆದ ದಿನ ತಪ್ಪದೆ ಹೋಗಿ. ಒಮ್ಮೆ ಬಂದವರಿಗೆ ಬೇರೆ ಜಾಗದಲ್ಲಿ ಮತ್ತೆ ಬರುವ ಸಾಧ್ಯತೆ ಇರುತ್ತದೆ. ಬಟಾಣಿ ಬಿಡಿಸುವುದಿದೆ, ಮಾವು ಕೊಯ್ಲಿದೆ, ಬಸ್ ಚಾರ್ಜಿಗಿಲ್ಲ ಎಂದು ಎರಡನೆಯ ಭೇಟಿಗೇ ನಿಲ್ಲಿಸುವವರು ಬಹಳ. ಬರುವುದು ಕಷ್ಟವಾದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ಗಾಯದ ಜಾಗ, ಅದರ ಹತ್ತಿರದ ದುಗ್ಧಗ್ರಂಥಿ ಮುಟ್ಟಿ ನೋಡುವುದನ್ನು ಮನೆಯ ಒಬ್ಬರಾದರೂ ಡಾಕ್ಟರ ಹತ್ತಿರ ಕಲಿತುಕೊಳ್ಳಿ.